ನಂಬರು ಹಾಕಿದ ಕಾಗದ

ತಿಕೋಟಾದ ನಮ್ಮ ಸರ್ಕಾರಿ ಕಚೇರಿಯಲ್ಲಿ, ಬಂದ ಅರ್ಜಿಗಳಿಗೆಲ್ಲ ನಂಬರು ಹಾಕುವ ಗುಮಾಸ್ತರಾಗಿದ್ದರು ಅವರು. ಕಚೇರಿಯ ಕೆಲಸಕ್ಕೆ ಫೇಸ್‌ಬುಕ್ ಬಳಸುವುದನ್ನು ಕಲಿಯಲು ನಾವು ಕೆಲವು ನೌಕರರು ಗಾಂಧಿ ಚೌಕದ ಚಹಾದಂಗಡಿಯಲ್ಲಿ ಸೇರುತ್ತಿದ್ದೆವು. ಏನು ತೋರಿಸಿದರೂ ಅವರು ಕನ್ನಡಕ ಹಣೆಗೇರಿಸಿ ಕೇಳುತ್ತಿದ್ದರು: "ಇದಕ್ಕ ಸಹಿ ಯಾರದ್ರಿ?"

ಒಮ್ಮೆ ಜೈನಾಪುರದ ಹೆಂಗಸೊಬ್ಬರು ನಮ್ಮ ಕಚೇರಿಯ ಫೇಸ್‌ಬುಕ್ ಪುಟದಲ್ಲಿ, "ನಾಕ ದಿನಾ ಆತು, ನಳಕ್ಕ ನೀರಿಲ್ರಿ" ಎಂದು ಬರೆದರು. ನಾವೆಲ್ಲ ಲೈಕ್ ಒತ್ತಿದೆವು. ಗುಮಾಸ್ತರು ಪರದೆಯ ಮೇಲಿನ ಹೆಬ್ಬೆರಳಿನ ಚಿತ್ರ ನೋಡಿ ಗಲಿಬಿಲಿಗೊಂಡರು. "ಸಹಿ ಬರತೈತಲ್ರಿ ನಿಮಗ, ಹೆಬ್ಬೆಟ್ಟ ಯಾಕ ಒತ್ತತೀರಿ?" ಆಮೇಲೆ ಆ ದೂರನ್ನು ಕಾಗದಕ್ಕಿಳಿಸಿ, ನಂಬರು ಹಾಕಿ, ನೀರಿನ ವಿಭಾಗಕ್ಕೆ ತಾವೇ ಒಯ್ದು ಕೊಟ್ಟರು.

ಮೂರನೇ ದಿನ ಆಕೆ ಮತ್ತೆ ಬರೆದರು: "ನೀರ ಬಂತ್ರಿ. ಲೈಕ್ ಒತ್ತಿದವರಿಗೆಲ್ಲ ಶರಣ್ರಿ."

ಗುಮಾಸ್ತರು ಕನ್ನಡಕ ಇಳಿಸಿ ಎರಡು ಸಲ ಓದಿದರು. "ಹಂಗಾರ ನನ್ನ ಕಾಗದ ಬೇಕಾಗಿದ್ದಿಲ್ಲೇನ್ರಿ?"