ಅಡ್ಡಗೋಡೆಯ ಆಚೆಯ ಹೀಬ್ರೂ

ನಾನು ಓದುವುದನ್ನು ನಿಲ್ಲಿಸಿದ ಮೇಲೂ ಗೋಡೆಯಾಚೆಯಿಂದ ಓದು ಮುಂದುವರಿಯಿತು.

ನ್ಯಾಮತಿಗೆ ಬಂದು ಒಂದು ಮಳೆಗಾಲ ಕಳೆದಿತ್ತು. ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತು. ಎಂದಿನಂತೆ ಚಾಪೆ ಹಾಸಿ, ಹೀಬ್ರೂ ಬೈಬಲಿನ ಒಂದು ಶೋಕಗೀತೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಕೆಮ್ಮು ಬಂದು ಸಾಲನ್ನು ಅರ್ಧಕ್ಕೇ ಬಿಟ್ಟೆ. ಉಳಿದರ್ಧವನ್ನು ಬೇರೆ ಯಾರೋ ಓದಿ ಮುಗಿಸಿದರು. ಹೆಣ್ಣುದನಿ, ಪಿಸುದನಿ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಈ ಕಡೆ ಹೊನ್ನಾಳಿ, ಆ ಕಡೆ ಚನ್ನಗಿರಿ, ದೂರದ ಜಗಳೂರು ಸೇರಿಸಿದರೂ ಹೀಬ್ರೂ ಬಲ್ಲವಳು ನಾನೊಬ್ಬಳೇ ಎಂದು ಒಳಗೊಳಗೇ ಜಂಬಪಡುತ್ತಿದ್ದವಳು ನಾನು. ಕೆಮ್ಮು ಅಲ್ಲೇ ನಿಂತು ಹೋಯಿತು.

ಇದನ್ನು ಬರೆಯಲು ಕಾರಣ ನಮ್ಮೂರು ಮೂಲ್ಕಿಯ ಕ್ರೈಸ್ತ ಸಭೆಯ ಪತ್ರಿಕೆಯವರು. ಹೀಬ್ರೂ, ಗ್ರೀಕ್ ಓದಿದವರಿಗೆ ಯಾವ ಯಾವ ಉದ್ಯೋಗಗಳುಂಟು, ಯುವಜನರಿಗೆ ಅನುಕೂಲವಾಗುವಂತೆ ತಿಳಿಸಿ ಎಂದು ಕೇಳಿದ್ದಾರೆ. ತಿಳಿಸುತ್ತೇನೆ. ಗಂಡಸಾದರೆ ಪಾದ್ರಿಯಾಗಬಹುದು. ಕಾಲೇಜಿನಲ್ಲಿ ಕಲಿಸಬಹುದು, ಈಗ ಕಲಿಸುತ್ತಿರುವ ಹಿರಿಯರು ಕುರ್ಚಿ ಬಿಟ್ಟು ಎದ್ದರೆ. ಹೆಂಗಸಾದರೆ, ಇಷ್ಟೆಲ್ಲ ಓದಿ ಏನು ಮಾಡುತ್ತಿ ಎಂದು ಮೂಲ್ಕಿಯ ಸಂಬಂಧಿಕರೆಲ್ಲ ಕೇಳುವುದಕ್ಕೆ ಉತ್ತರ ಹುಡುಕುತ್ತ ಕೂರಬಹುದು. ಇನ್ನೊಂದು ಕೆಲಸ ಭಾಷಾಂತರದ್ದು. ನನಗೆ ಸಿಕ್ಕಿದ್ದು ಅದು.

ಹಳೆ ಒಡಂಬಡಿಕೆಗೆ ಹೊಸದೊಂದು ಸರಳ ಕನ್ನಡ ಅನುವಾದ ನಡೆಯುತ್ತಿತ್ತು. ಕರಾವಳಿಯದೂ ಅಲ್ಲದ, ಮೈಸೂರಿನದೂ ಅಲ್ಲದ, ಧಾರವಾಡದ್ದೂ ಅಲ್ಲದ ನಡುನಾಡಿನ ಕಿವಿ ಬೇಕು ಎಂದು ಸಮಿತಿಯವರಿಗೆ ಹೊಳೆಯಿತು. ಮೂಲವನ್ನು ಓದಬಲ್ಲವರೊಬ್ಬರು ಆ ಸೀಮೆಯಲ್ಲಿ ಮನೆಮಾಡಿ, ಕರಡನ್ನು ಹಳ್ಳಿಗಳಲ್ಲಿ ಓದಿ ಹೇಳಬೇಕು, ಕೇಳಿದವರಿಂದ ಅದನ್ನೇ ಅವರ ಮಾತಿನಲ್ಲಿ ತಿರುಗಿ ಹೇಳಿಸಬೇಕು, ಎಲ್ಲಿ ಎಡವುತ್ತಾರೋ ಅಲ್ಲಿ ಮೂಲ ನೋಡಿ ತಿದ್ದಬೇಕು. ಹೀಗೆ, ಸಮುದ್ರದ ಸದ್ದಿಲ್ಲದೆ ನಿದ್ದೆ ಬಾರದ ನಾನು ಎಪ್ಪತ್ತರ ದಶಕದ ಕೊನೆಯಲ್ಲೊಂದು ದಿನ ಟ್ರಂಕಿನೊಂದಿಗೆ ನ್ಯಾಮತಿಯಲ್ಲಿ ಬಸ್ಸಿಳಿದೆ.

ಒಂಟಿ ಹೆಣ್ಣಿಗೆ ಮನೆ ಕೊಡುವವರು ಎಲ್ಲಿಯೂ ಕಡಿಮೆ. ಅದರ ಮೇಲೆ ಕ್ರೈಸ್ತಳು, ಮೀನು ತಿನ್ನುವವಳು. ಕೊನೆಗೆ ಹಗ್ಗ, ಬಿತ್ತನೆ ಬೀಜದ ಅಂಗಡಿಯ ಗೌರಮ್ಮ ಒಪ್ಪಿದರು. ಗಂಡ ತೀರಿಕೊಂಡ ಮೇಲೆ ಮಗ ಚಂದ್ರಪ್ಪನ ಜೊತೆ ತಾವೇ ಅಂಗಡಿ ನಡೆಸುತ್ತಿದ್ದ ಗಟ್ಟಿ ಹೆಂಗಸು. ಹಣೆಯ ಮೂರು ಬೆರಳು ವಿಭೂತಿ ಮಧ್ಯಾಹ್ನದ ಸೆಕೆಗೂ ಅಳಿಸುತ್ತಿರಲಿಲ್ಲ.

"ಮೀನು ಗೀನು ಬೇಯಿಸಂಗಿಲ್ಲ ನೋಡ್ರಿ ಟೀಚರಮ್ಮ. ಅದೊಂದ್ ಬಿಟ್ರೆ ನೀವು ನಮ್ಮನಿ ಮಗಳಿದ್ದಂಗೆ."

ಮಗಳಿದ್ದಂಗೆ ಎಂದರೂ ಕೊಟ್ಟಿದ್ದು ಮನೆಯ ಪಕ್ಕದ ಒಂದೇ ಕೋಣೆ. ನನ್ನ ಕೋಣೆಗೂ ಅವರ ಅಡುಗೆಮನೆಗೂ ನಡುವೆ ಮಣ್ಣಿನ ಅಡ್ಡಗೋಡೆ. ಮಾಡಿನವರೆಗೆ ಏರದೆ, ಆಳೆತ್ತರಕ್ಕೆ ನಿಂತುಬಿಟ್ಟಿತ್ತು. ಅವರ ಒಗ್ಗರಣೆ ನನ್ನ ಕಣ್ಣಿಗೆ, ನನ್ನ ಸೀನು ಅವರ ಕಿವಿಗೆ.

ನಮ್ಮಲ್ಲಿ ಕುಚ್ಚಲಕ್ಕಿಯ ಗಂಜಿ, ಇಲ್ಲಿ ಜೋಳದ ರೊಟ್ಟಿ. ಮೊದಮೊದಲು ನಾನು ತಟ್ಟಿದ ರೊಟ್ಟಿಯನ್ನು ನೋಡಿ ಗೌರಮ್ಮ, "ಇದೇನ್ರೀ, ಯಾವ ದೇಶದ ನಕ್ಷೆ?" ಎಂದು ಕೇಳಿದರು. ನಾನು ಉಂಟು ಎಂದರೆ ಅಂಗಡಿಯ ಗಿರಾಕಿಗಳು ನಗುತ್ತಿದ್ದರು, ಅವರು ಐತೆ ಎಂದರೆ ನಾನು ಒಳಗೇ ನಗುತ್ತಿದ್ದೆ. ಮೀನಿನ ಆಸೆಯೊಂದು ಮಾತ್ರ ಸಾಯಲಿಲ್ಲ. ಅದಕ್ಕಿಂತಲೂ ಕಾಡಿದ್ದು ಬೆಳಗಿನ ಮೌನ. ಮೂಲ್ಕಿಯಲ್ಲಿ ಸಮುದ್ರದ ಸದ್ದಿನ ಜೊತೆ ಜೊತೆಗೇ ಓದಿ ರೂಢಿ. ಇಲ್ಲಿ ನನ್ನ ಸ್ವರ ಹೋಗಿ ಎಲ್ಲಿಯೂ ತಾಗುತ್ತಿರಲಿಲ್ಲ. ಅದಕ್ಕೆಂದೇ ಇನ್ನೂ ಗಟ್ಟಿಯಾಗಿ ಓದತೊಡಗಿದೆ.

ಒಂದು ದಿನ ಗೌರಮ್ಮ ಬಾಗಿಲಲ್ಲಿ ನಿಂತು ನೋಡಿದರು. ಪುಸ್ತಕ ಹಿಂದಿನಿಂದ ತೆರೆದಿತ್ತು, ನನ್ನ ಬೆರಳು ಬಲದಿಂದ ಎಡಕ್ಕೆ ಹೋಗುತ್ತಿತ್ತು.

"ಇದೇನ್ರೀ, ಉಲ್ಟಾ ಓದ್ತೀರಲ್ಲ!"

"ಇದು ಹಾಗೆಯೇ ಓದುವುದು ಗೌರಮ್ಮ. ತುಂಬ ಹಳೆಯ ಭಾಷೆ."

"ಈಗ ಯಾರು ಆಡ್ತಾರೆ ಇದನ್ನ?"

"ಇದನ್ನು ಬರೆದವರು ಸತ್ತು ಸಾವಿರಾರು ವರ್ಷ ಆಯ್ತು."

"ಅಂದ್ರೆ ಸತ್ತೋರ ಮಾತು ಅನ್ರಿ" ಎಂದರು ಅವರು. ನನಗೆ ಅದು ತಮಾಷೆಯಾಗಿ ಕಂಡು, "ಹೌದು, ಸತ್ತವರ ಮಾತೇ" ಎಂದೆ. ಗೋಡೆಯಾಚೆ ಚೊಂಬೊಂದು ಉರುಳಿದ ಸದ್ದಾಯಿತು.

ಗೋಡೆಯಾಚೆ ಇದ್ದವಳು ರುದ್ರಮ್ಮ, ಗೌರಮ್ಮನ ಸೊಸೆ. ಜಗಳೂರು ಕಡೆಯ ಸೊಕ್ಕೆಯಿಂದ ಬಂದವಳು. ನಾನು ಬರುವ ಹಿಂದಿನ ವರ್ಷ ಅವಳ ಕೂಸು, ಗೋಡೆ ಹಿಡಿದು ನಡೆಯಲು ಆಗಷ್ಟೇ ಕಲಿತಿದ್ದ ಗಂಡುಕೂಸು, ಜ್ವರದಲ್ಲಿ ತೀರಿಕೊಂಡಿತ್ತು. ಅಂದಿನಿಂದ ಅವಳು ಮಾತು ಬಿಟ್ಟಿದ್ದಳು. ನೀರು ಸೇದುತ್ತಾಳೆ, ರೊಟ್ಟಿ ತಟ್ಟುತ್ತಾಳೆ, ಕರೆದರೆ ಬರುತ್ತಾಳೆ, ತುಟಿ ಮಾತ್ರ ಬಿಚ್ಚುವುದಿಲ್ಲ. ನಾನು ನಕ್ಕರೆ ನನ್ನ ಪಕ್ಕದ ಖಾಲಿ ಜಾಗವನ್ನು ನೋಡುತ್ತಿದ್ದಳು.

ಕೆಮ್ಮಿದ ದಿನದ ಮಾರನೆಯ ಬೆಳಿಗ್ಗೆ ಬೇಕೆಂದೇ ನಡುಸಾಲಿನಲ್ಲಿ ನಿಲ್ಲಿಸಿದೆ. ದನಿ ಮುಂದೆ ಹೋಯಿತು. ಪುಸ್ತಕ ಮುಚ್ಚಿ ಬರಿಗಾಲಲ್ಲಿ ಹೊರಗಿನಿಂದ ಸುತ್ತಿ ಹೋಗಿ ಅಡುಗೆಮನೆಯಲ್ಲಿ ಇಣುಕಿದೆ. ರುದ್ರಮ್ಮ ಗೋಡೆಗೆ ಮುಖಮಾಡಿ ಕುಳಿತು, ಕಣ್ಣು ಮುಚ್ಚಿ, ನನ್ನ ಶೋಕಗೀತೆಯನ್ನು ಹೇಳುತ್ತಿದ್ದಳು. ಒಂದು ಕೈ ತೊಡೆಯ ಮೇಲೆ ಮೆಲ್ಲಗೆ ತಟ್ಟುತ್ತಿತ್ತು. ಒಲೆಯ ಬೆಂಕಿ ಇನ್ನೂ ಹತ್ತಿರಲಿಲ್ಲ. ಅವಳು ಕಣ್ಣು ತೆರೆಯುವ ಮೊದಲು ನಾನು ಓಡಿಬಂದೆ. ಏಕೆ ಓಡಿದೆನೋ ತಿಳಿಯದು, ಹೆದರಿಕೆಯಂತೂ ಆಗಿತ್ತು.

ದಿನಾ ಕೇಳಿ ಕೇಳಿ ಬಾಯಿಪಾಠವಾಗಿದೆ, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಬೆಳಿಗ್ಗೆ ಆ ದನಿ ನನ್ನ ಬೆನ್ನಿಗೇ, ಅರ್ಧ ಉಸಿರಿನಷ್ಟು ಹಿಂದೆ ಬರುತ್ತಿದ್ದಾಗ ಆ ಸಮಾಧಾನ ಸಾಲುತ್ತಿರಲಿಲ್ಲ. ಆದರೂ ಓದು ನಿಲ್ಲಿಸಲಿಲ್ಲ. ಊರು ಬಿಟ್ಟು ಬಂದ ಮೇಲೆ ನನ್ನ ಸ್ವರಕ್ಕೆ ಜೊತೆ ಸಿಕ್ಕಿದ್ದು ಅದೊಂದೇ.

ಒಂದು ಮುಂಜಾನೆ ಗೌರಮ್ಮನೂ ಕೇಳಿಸಿಕೊಂಡರು. ಅಂದು ಸಂಜೆ ಮನೆಯಲ್ಲಿ ಗುಸುಗುಸು. ಸೊಸೆ ಬಾಯಿ ಬಿಟ್ಟಿದ್ದಾಳೆ, ಆದರೆ ಮಾತು ಅವಳದಲ್ಲ, ಗಾಳಿ ಮೆಟ್ಟಿದೆ ಎಂದಾಯಿತು. ಚಂದ್ರಪ್ಪ ಸೊಕ್ಕೆಗೆ ಹೇಳಿಕಳಿಸಿದ. ಸೋಮವಾರ ಅವಳ ಅಣ್ಣ ಬಂದು ಕರೆದುಕೊಂಡು ಹೋಗುವುದೆಂದು ಗೊತ್ತಾಯಿತು. ಹಾಗೆ ಹೋದ ಹೆಣ್ಣು ತಿರುಗಿ ಬರುವುದಿಲ್ಲ, ಚಂದ್ರಪ್ಪನಿಗೆ ಚನ್ನಗಿರಿಯಲ್ಲಿ ಆಗಲೇ ಬೇರೆ ಹೆಣ್ಣು ನೋಡುತ್ತಿದ್ದಾರೆ ಎಂಬುದು ಅಂಗಡಿಗೆ ಬರುವ ಗಿರಾಕಿಗಳಿಗೂ ತಿಳಿದಿತ್ತು.

ನಾನು ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅದು ಗಾಳಿಯಲ್ಲ, ನನ್ನ ಓದು, ಪುಸ್ತಕದಲ್ಲಿ ಇರುವುದು. ಗೌರಮ್ಮ ಸಾವಧಾನವಾಗಿ ಕೇಳಿದರು.

"ಅದನ್ನೇ ನಾನೂ ಹೇಳೋದು. ನಿಮ್ಮಿಂದಲೇ ಬಂದೈತೆ. ನೀವು ಕೆಟ್ಟೋರಲ್ಲ, ಬೇಕಂತ ಮಾಡಿಲ್ಲ. ಗಂಟು ಹಾಕಿದೋರೇ ಬಿಚ್ಚಬೇಕಲ್ರೀ? ಹಂಗಿಂದ ಓದಿ ಹಾಕೀರಿ, ಹಿಂಗಿಂದ ಓದಿ ತೆಗೀರಿ. ತೆಗೆದು ಕೊಟ್ರೆ ನನ್ನ ಸೊಸಿ ನನ್ನ ಮನ್ಯಾಗೇ ಇರ್ತಾಳೆ. ನನಗೇನು ಕಳಿಸಾಕೆ ಆಸೆ ಐತಾ?"

ಇವರ ಮನೆಯಲ್ಲಿ ದೃಷ್ಟಿ ತೆಗೆಯುವಾಗ ಉಪ್ಪು, ಮೆಣಸಿನಕಾಯಿಯನ್ನು ಹಿಡಿಯಲ್ಲಿಟ್ಟು ಮೊದಲು ಒಂದು ಕಡೆಯಿಂದ ಸುತ್ತಿಸುತ್ತಾರೆ, ಆಮೇಲೆ ಅದರ ಎದುರು ದಿಕ್ಕಿನಿಂದ. ಒಂದು ಕಡೆಯಿಂದ ಹತ್ತಿದ್ದು ಇನ್ನೊಂದು ಕಡೆಯಿಂದ ಇಳಿಯುತ್ತದೆ. ಗೌರಮ್ಮ ಕೇಳಿದ್ದು ಅಷ್ಟೇ: ಹೀಬ್ರೂವನ್ನು ಎಡದಿಂದ ಬಲಕ್ಕೆ ಓದಿ ಸೊಸೆಯ ಮೇಲಿಂದ ಇಳಿಸಿಕೊಡಿ.

ಕಾಲೇಜಿನಲ್ಲಿ ಇದಕ್ಕೆ ಪಾಠವಿರಲಿಲ್ಲ. ದೇವರ ವಾಕ್ಯವನ್ನು ಮಾಟ ತೆಗೆಯುವವಳಂತೆ ಹಿಂದುಮುಂದಾಗಿ ಓದುವುದೇ? ಎರಡು ದಿನ ತೂಗಿ ನೋಡಿದೆ. ಮೂಲ್ಕಿಯ ಪಾದ್ರಿಯವರ ಮುಖ ಕಣ್ಣೆದುರು ಬರುತ್ತಿತ್ತು, ಅದರ ಹಿಂದೆಯೇ ತೊಡೆ ತಟ್ಟುವ ರುದ್ರಮ್ಮನ ಕೈ. ಕೈ ಗೆದ್ದಿತು. ಭಾನುವಾರ ಮಧ್ಯಾಹ್ನ ಪುಸ್ತಕ ಹಿಡಿದು ಪಡಸಾಲೆಗೆ ಹೋದೆ.

ರುದ್ರಮ್ಮನನ್ನು ಮಣೆಯ ಮೇಲೆ ಕೂರಿಸಿದ್ದರು. ಗೌರಮ್ಮ ನಿವಾಳಿಸಿ ಉಪ್ಪು ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದರು. ಹೊಗೆಯೆದ್ದಿತು, ಘಾಟು ಬರಲಿಲ್ಲ. ದೃಷ್ಟಿ ಇದ್ದರೆ ಘಾಟು ಬಾರದಂತೆ. ಚಂದ್ರಪ್ಪ ಬಾಗಿಲಿಗೆ ಒರಗಿ ನಿಂತ. ನಾನು ಸಾಲಿನ ಎಡತುದಿಯ ಮೇಲೆ ಬೆರಳಿಟ್ಟು ಒಂದೊಂದೇ ಪದವನ್ನು ಬಲಕ್ಕೆ ಓದಿಕೊಂಡು ಹೋದೆ. ವರ್ಷಗಟ್ಟಲೆ ಕಲಿತ ಮಾತು ನನಗೇ ಗುರುತು ಹತ್ತಲಿಲ್ಲ. ಬಾಯಲ್ಲಿ ಯಾರದೋ ನಾಲಿಗೆ ಆಡಿದಂತಾಯಿತು. ಎರಡನೆಯ ಸಾಲಿಗೆ ರುದ್ರಮ್ಮ ತಲೆಯೆತ್ತಿದಳು. ಮೂರನೆಯ ಸಾಲಿಗೆ ಅವಳು ಎದ್ದು ಬಂದು ಪುಸ್ತಕದ ಮೇಲೆ ಅಂಗೈ ಇಟ್ಟಳು.

"ಬ್ಯಾಡ್ರೀ ಅಕ್ಕಾ. ತಿರುವಿ ಓದಬ್ಯಾಡ್ರಿ. ಕೂಸು ವಾಪಸ್ ಹೋಗ್ತೈತೆ."

ಕನ್ನಡದಲ್ಲೇ ಹೇಳಿದಳು. ದನಿ ತುಕ್ಕು ಹಿಡಿದ ರಾಟೆಯಂತಿತ್ತು. ಗೌರಮ್ಮನ ಕೈಯಿಂದ ಕೆಂಡದ ತಟ್ಟೆ ಬಿತ್ತು.

"ಸತ್ತೋರ ಮಾತು ಅಂತ ನೀವೇ ಹೇಳಿದ್ರಲ್ಲ. ನಾನು ನಮ್ಮ ಮಾತಿನಾಗೆ ಕರದೆ, ಕರದೆ, ಬರಲಿಲ್ಲ. ಕೂಸಿಗೆ ಈಗ ನಮ್ಮ ಮಾತು ತಿಳಿಯಂಗಿಲ್ಲೇನೋ ಅಂತ ಇದನ್ನ ಕಲ್ತೆ. ಈಗ ದಿನಾ ಬರ್ತೈತೆ. ನೀವು ಓದೋವಾಗ ಬಂದು ಗೋಡೆ ಹತ್ರ ಕುಂದ್ರತೈತೆ."

"ಯಾವ ಕಡೆ?" ಎಂದು ಕೇಳಿದೆ. ಏಕೆ ಕೇಳಿದೆನೋ.

"ನಿಮ್ಮ ಕಡೆ" ಎಂದಳು. "ಅದೇ ಕೋಣ್ಯಾಗೆ ಅಲ್ಲೇನ್ರೀ ಅದು ಜೀವ ಬಿಟ್ಟಿದ್ದು."

ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಚಂದ್ರಪ್ಪ ಮುಖ ತಿರುಗಿಸಿಕೊಂಡ. ರುದ್ರಮ್ಮ ಪುಸ್ತಕದ ಮೇಲಿನ ಕೈ ತೆಗೆಯದೆ ಕೇಳಿದಳು: "ಕೂಸಿಗೆ ಕೇಳ್ತೈತಲ್ಲೇನ್ರೀ ಅಕ್ಕಾ?"

ಹೀಬ್ರೂ, ಗ್ರೀಕ್, ದೇವಶಾಸ್ತ್ರ ಎಲ್ಲವನ್ನೂ ಓದಿದ್ದೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ, ಹೌದು ಎನ್ನಲು ಧೈರ್ಯ ಬರಲಿಲ್ಲ. "ನನಗೆ ಗೊತ್ತಿಲ್ಲ ರುದ್ರಮ್ಮ. ನಾಳೆಯೂ ಓದುವ" ಎಂದೆ.

"ಅಡ್ಡಗೋಡೆ ಮ್ಯಾಲೆ ದೀಪ ಇಟ್ಟಂಗೆ ಮಾತಾಡ್ತೀರಲ್ರೀ" ಎಂದು ಗೌರಮ್ಮ ಬೈದರು. ಬೈಯುತ್ತಲೇ ಸೊಸೆಯನ್ನು ತಬ್ಬಿಕೊಂಡು ಅಳತೊಡಗಿದರು.

ಸೋಮವಾರ ಅಣ್ಣ ಬಂದ. ರುದ್ರಮ್ಮ ಅವನಿಗೆ ರೊಟ್ಟಿ ಬಡಿಸಿ, "ಅವ್ವ ಹೆಂಗದಾಳೆ ಅಣ್ಣಾ?" ಎಂದಳು. ಅವನು ತುತ್ತು ಕೈಯಲ್ಲಿ ಹಿಡಿದುಕೊಂಡೇ ಅತ್ತ. ಸಂಜೆಯ ಬಸ್ಸಿಗೆ ಒಬ್ಬನೇ ಹೋದ. ಚನ್ನಗಿರಿಯ ಹೆಣ್ಣಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಇದಾಗಿ ಕೆಲವು ವರ್ಷಗಳಾದವು. ನಾನು ಇನ್ನೂ ಅದೇ ಕೋಣೆಯಲ್ಲಿದ್ದೇನೆ. ನನ್ನ ರೊಟ್ಟಿ ಈಗ ದುಂಡಗಾಗುತ್ತದೆ. ರುದ್ರಮ್ಮ ಹಗಲಿಡೀ ಮಾತಾಡುತ್ತಾಳೆ, ಗಿರಾಕಿಗಳ ಜೊತೆ ಜಗಳವನ್ನೂ ಆಡುತ್ತಾಳೆ. ಬೆಳಿಗ್ಗೆ ಮಾತ್ರ ಗೋಡೆಯಾಚೆಯಿಂದ ನನ್ನ ಹಿಂದೆಯೇ ಓದುತ್ತಾಳೆ. ನಾನು ಬೇಡ ಎಂದಿಲ್ಲ, ಸರಿ ಎಂದೂ ಇಲ್ಲ. ಆಮೇಲೆ ಅವಳಿಗೆ ಹುಟ್ಟಿದ ಹೆಣ್ಣುಕೂಸು ಈಗ ನಡೆಯುತ್ತದೆ. ನನ್ನ ಕೋಣೆಗೆ ಬಂದು ಟ್ರಂಕಿನ ಮೇಲೆ ಹತ್ತುತ್ತದೆ, ಪುಸ್ತಕ ಎಳೆಯುತ್ತದೆ. ಚಾಪೆಯ ಒಂದು ಮೂಲೆ, ಗೋಡೆಯ ಕಡೆಯದು, ಅದನ್ನು ಮಾತ್ರ ತುಳಿಯುವುದಿಲ್ಲ. ಯಾರೋ ಕುಳಿತಿದ್ದರೆ ದಾಟದೆ ಬಳಸಿಕೊಂಡು ಹೋಗುವುದಿಲ್ಲವೇ, ಹಾಗೆ ಹೋಗುತ್ತದೆ. ಅದಕ್ಕೆ ಯಾರೂ ಏನೂ ಹೇಳಿಕೊಟ್ಟಿಲ್ಲ.

ಕಳೆದ ಬೇಸಿಗೆಯಲ್ಲಿ ಊರಿನ ಕಡೆಯ ಒಂದು ಕಾಲೇಜಿನವರು ಹೀಬ್ರೂ ಕಲಿಸಲು ಕರೆದರು. ಒಂದು ಕುರ್ಚಿ ಕಡೆಗೂ ಖಾಲಿಯಾಗಿತ್ತು. ಖಾಯಂ ಕೆಲಸ, ಮನೆಗೆ ಹತ್ತಿರ, ಬೇಕಾದಷ್ಟು ಮೀನು. ಯುವಜನರೇ, ಈ ಓದಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ಇಲ್ಲ, ಬಂದರೆ ಬಿಡಬೇಡಿ. ನಾನು ಕೂಡ ಒಪ್ಪಿಕೊಳ್ಳಬೇಕೆಂದೇ ಹೋದದ್ದು.

ಮೊದಲ ಬೆಳಿಗ್ಗೆ ನಮ್ಮ ಮನೆಯ ಚಾವಡಿಯಲ್ಲಿ ಓದಲು ಕುಳಿತೆ. ಸಮುದ್ರ ತನ್ನ ಪಾಡಿಗೆ ಸದ್ದು ಮಾಡುತ್ತಿತ್ತು. ಒಂದು ಸಾಲು ಓದಿದೆ, ನಿಲ್ಲಿಸಿದೆ, ಕಿವಿಗೊಟ್ಟೆ. ಯಾರೂ ಮುಗಿಸಿಕೊಡಲಿಲ್ಲ. ಅಮ್ಮ ಕಾಫಿ ತಂದವರು ಅಲ್ಲೇ ನಿಂತರು.

"ಎಂತ ಮಗಳೇ, ಚಾಪೆಯ ತುದಿಯಲ್ಲಿ ಕೂತಿದ್ದಿ? ಉಳಿದ ಜಾಗ ಯಾರಿಗೆ ಬಿಟ್ಟದ್ದು?"

ನಾನು ನೋಡಿದೆ. ಚಾಪೆ ಅರ್ಧಕ್ಕಿಂತ ಹೆಚ್ಚು ಖಾಲಿ ಇತ್ತು. ಯಾವಾಗಿನಿಂದ ಹೀಗೆ ಕೂರುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಸರಿದು ನಡುವೆ ಕೂರಲು ಹೋದೆ, ಆಗಲಿಲ್ಲ.

"ಇರಲಿ ಅಮ್ಮ" ಎಂದೆ. "ಅಲ್ಲಿಗೆ ಕಾಫಿ ಇಡಬೇಡಿ."