ಬಿಸಿಲಿನ ಹಿಂದೆ ಬಂದ ಅಕ್ಕೋರು

ಬಿಸಿಲಿಗೆ ಕಾದ ಕಪ್ಪು ಬಣ್ಣಕ್ಕೆ ಒಂದು ವಾಸನೆಯಿದೆ. ಹಳೆಯ ತಗಡಿನದು, ಸ್ವಲ್ಪ ಎಣ್ಣೆಯದು, ಎಲ್ಲೋ ಒಳಗೆ ಉಳಿದುಕೊಂಡ ತೊಗರಿಬೇಳೆಯದು... ಹೋದ ತಿಂಗಳು ನವನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್ ಕೂಡಿಸಲು ಬಂದವನು, ಮೂಲೆಯಲ್ಲಿ ಗೋಣಿತಟ್ಟು ಹೊದ್ದು ಕುಳಿತಿದ್ದ ಪೆಟ್ಟಿಗೆಯ ಮುಚ್ಚಳ ಎತ್ತಿದ. ಆ ವಾಸನೆ ಮುಖಕ್ಕೆ ಬಡಿಯಿತು. ಬೇಳೆಯ ವಾಸನೆ ನಿಜವಾಗಿ ಇತ್ತೋ, ನಾನೇ ಸೇರಿಸಿಕೊಂಡೆನೋ ಹೇಳಲಾರೆ. ಅದರಲ್ಲಿ ಬೇಳೆ ಇಟ್ಟು ಹದಿನೈದು ವರ್ಷದ ಮೇಲಾಯಿತು.

"ಇದೇನ್ರಿ ಮೇಡಂ, ಟ್ರಂಕ?" ಎಂದ.

"ಒಲಿ," ಎಂದೆ.

ಅದು ನಮ್ಮ ಪಕ್ಕದ ಮನೆಯ ಅಕ್ಕೋರದು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಒಂಟಿ ಹೆಣ್ಣುಮಗಳು. ಓಣಿಯ ಹಿರಿಯರು ಕಿರಿಯರು ಎಲ್ಲರೂ ಅವರನ್ನು ಅಕ್ಕೋರು ಎಂದೇ ಕರೆಯುತ್ತಿದ್ದರು. ನಿವೃತ್ತಿಯಾದ ವರ್ಷ, ತೊಂಬತ್ತರ ದಶಕದ ನಡುವಿನಲ್ಲಿ, ಈ ಸೌರ ಪೆಟ್ಟಿಗೆಯನ್ನು ತಂದರು. ಒಳಗೆಲ್ಲ ಕಪ್ಪು, ಮೇಲೆ ಎರಡು ಪದರ ಗಾಜು, ಮುಚ್ಚಳದ ಒಳಬದಿಗೆ ಕನ್ನಡಿ. ಒಂಬತ್ತೂವರೆಗೆ ಕಪ್ಪು ಡಬ್ಬಿಗಳಲ್ಲಿ ಬೇಳೆ, ಅಕ್ಕಿ ಇಟ್ಟು, ಅರ್ಧ ತಾಸಿಗೊಮ್ಮೆ ಸೂರ್ಯ ಸರಿದ ಕಡೆಗೆ ಪೆಟ್ಟಿಗೆಯನ್ನು ತಿರುಗಿಸಬೇಕು. ಹನ್ನೆರಡೂವರೆಗೆ ಊಟ ಸಿದ್ಧ.

ಅವರಿಗೆ ಗ್ಯಾಸ್ ಇರಲಿಲ್ಲವೆಂದಲ್ಲ. ಮುಂಜಾನೆಯ ಚಹಾಕ್ಕೆ, ಮಳೆಗಾಲಕ್ಕೆ ಅದು ಬೇಕಿತ್ತು. ಆದರೆ ಮಧ್ಯಾಹ್ನದ ಊಟ ಬಿಸಿಲಿನದೇ ಆಗಬೇಕು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಸೂರ್ಯನ ಶಕ್ತಿಯ ಚಿತ್ರ ಬರೆದು ಮಕ್ಕಳಿಗೆ ಅಂಕ ಕೊಟ್ಟಿದ್ದೇನೆ, ಒಂದು ಹೊತ್ತಾದರೂ ಅದನ್ನು ನಂಬಿ ಉಣ್ಣದಿದ್ದರೆ ಕಲಿಸಿದ್ದೆಲ್ಲ ಸುಳ್ಳು ಎನ್ನುತ್ತಿದ್ದರು. ಓಣಿಯವರು ನಗುತ್ತಿದ್ದರು. ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಅಕ್ಕೋರು ಕಂಪೌಂಡಿನ ಆಚೆ ನಿಂತು ಬೆಂಗಳೂರಿನವರಿಂದ ದಿಲ್ಲಿಯವರ ತನಕ ಎಲ್ಲರಿಗೂ ಪಾಠ ಹೇಳುತ್ತಿದ್ದರು. ಪುಕ್ಕಟೆ ಕರೆಂಟು ಕೊಡುತ್ತೇವೆನ್ನುವವರಿಗೆ ಕೊಡಲು ಕರೆಂಟೇ ಇಲ್ಲ. ಇನ್ನು ಹತ್ತು ವರ್ಷಕ್ಕೆ ಊರಿನ ಕಂಬಗಳೆಲ್ಲ ದನ ಕಟ್ಟಲಿಕ್ಕೆ. ಮೊಬೈಲು ಸಿರಿವಂತರ ಆಟಿಕೆ, ಎರಡು ವರ್ಷಕ್ಕೆ ಬೇಸರ ಬರುತ್ತದೆ. ಕಂಬದ ಮಾತೂ ಮೊಬೈಲಿನ ಮಾತೂ ಸುಳ್ಳಾದವು. ಆದರೆ ಒಂದು ಮಾತನ್ನು ನಾನು ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಆದ್ದರಿಂದ ಅದು ಅವರದೇ ಎಂದು ಧೈರ್ಯವಾಗಿ ಹೇಳಬಲ್ಲೆ: "ಬಿಸಲಿಗೆ ಮೀಟರ್ ಹಚ್ಚಾಕ ಬರೂದಿಲ್ಲ ನೋಡು, ಅದಕ್ಕ ಇವ್ರ್ಯಾರಿಗೂ ಅದರ ಮ್ಯಾಲೆ ಪ್ರೀತಿ ಇಲ್ಲ."

ನಾನಾಗ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದೆ. ಸಮಾಜ, ಪ್ರತಿರೋಧ ಎಂಬ ಮಾತುಗಳು ಹೊಸದಾಗಿ ಬಾಯಿಗೆ ಹತ್ತಿದ್ದವು.

ಆ ಚಳಿಗಾಲದಲ್ಲಿ ನಮ್ಮ ವಾರ್ಡಿನ ಮುಖಂಡರ ಹುಟ್ಟುಹಬ್ಬ ಬಂತು. ಅಕ್ಕೋರ ಮನೆಯ ಪೂರ್ವಕ್ಕಿದ್ದ ಖಾಲಿ ಸೈಟಿನಲ್ಲಿ ಅವರ ಹುಡುಗರು ಎರಡಂತಸ್ತಿನ ಎತ್ತರದ ಬೋರ್ಡು ನಿಲ್ಲಿಸಿದರು. ಅಕ್ಕೋರ ಮಾಳಿಗೆಯಲ್ಲಿ ಪೆಟ್ಟಿಗೆ ಇಡಲು ಜಾಗವಿದ್ದುದು ಒಂದೇ ಮೂಲೆ. ಮುಂಜಾನೆಯಿಂದ ಹನ್ನೆರಡರವರೆಗೆ ಆ ಮೂಲೆಯ ಮೇಲೆ ಕೈಮುಗಿದು ನಗುವ ಮುಖಂಡರ ನೆರಳು. ಬೇಳೆ ಬೇಯಲಿಲ್ಲ.

ಅಕ್ಕೋರು ಅರ್ಜಿ ಬರೆಯಲಿಲ್ಲ. ಒಂದು ಗಂಟೆಗೆ ಸರಿಯಾಗಿ, ಬೇಯದ ಬೇಳೆಯ ಡಬ್ಬಿ ಹಿಡಿದು ಮುಖಂಡರ ಮನೆಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ನಮ್ಮ ಕಡೆ ಊಟದ ಹೊತ್ತಿಗೆ ಬಂದವರನ್ನು ಯಾರೂ ಹಾಗೇ ಕಳಿಸುವುದಿಲ್ಲ. ಮುಖಂಡರ ತಾಯಿ ಒಳಗೆ ಕರೆದು ತಾಟು ಹಾಕಿದರು. ರೊಟ್ಟಿ, ಎಣಗಾಯಿ, ಮೊಸರು. ಅಕ್ಕೋರು ನಿಧಾನವಾಗಿ ಉಂಡರು.

"ನಾಕು ದಿನದ ಮಾತ್ರಿ ಅಕ್ಕೋರ. ಹುಟ್ಟುಹಬ್ಬ ಮುಗೀತಂದ್ರ ನಾನಽ ತಗಸ್ತೇನ್ರಿ," ಎಂದರಂತೆ ಮುಖಂಡರು.

"ಛಲೋ ಆತು. ನಾಕು ದಿನ ಊಟಕ್ಕ ಇಲ್ಲೇ ಬರ್ತೇನಿ."

ಬಂದರು ಕೂಡ. ಉಣ್ಣುತ್ತ ಮುಖಂಡರಿಗೆ ಬೋರ್ಡಿನ ನೆರಳಿನ ಉದ್ದ ಲೆಕ್ಕ ಹಾಕುವುದನ್ನು ಕಲಿಸಿದರು. ಮುಖಂಡರು ಒಂದು ಕಾಲಕ್ಕೆ ಅವರ ವಿದ್ಯಾರ್ಥಿ, ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲೇ ನಾಪಾಸಾಗಿ ಕುಂತವರು. ಕೊನೆಗೆ ಅವರ ತಾಯಿಯೇ ಸೋತರು: "ಅಕ್ಕೋರಿಗೆ ಉಣ್ಣಾಕ ಹಾಕಾಕ ನನಗ ಬ್ಯಾಸರಿಲ್ಲೋ ತಮ್ಮಾ. ಆದ್ರ ದಿನಾ ನಿನ್ನ ನಾಪಾಸ್ ಮಾಡಿ ಹೋಗ್ತಾರ, ಅದನ್ನ ಕೇಳಾಕ ಆಗವಲ್ದು. ತಗಸಿಬಿಡು."

ಈ ಮಾತನ್ನು ನಾನು ಕಿವಿಯಾರೆ ಕೇಳಿದೆ ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಡೈರಿ ತೆಗೆದು ನೋಡಿದರೆ ಆ ಹೊತ್ತಿನಲ್ಲಿ ನಾನು ಧಾರವಾಡದಲ್ಲಿ ಕ್ಲಾಸಿನಲ್ಲಿದ್ದೆ. ಅವ್ವ ಹೇಳಿದ್ದಿರಬೇಕು. ಡೈರಿಯಲ್ಲಿರುವುದು ಒಂದೇ ಸಾಲು: 'ಬೋರ್ಡು ಇಳಿಯಿತು. ಪ್ರತಿರೋಧವೆಂದರೆ ಇದು.' ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ.

ಏಳೆಂಟು ವರ್ಷಗಳ ನಂತರ, ಅಪ್ಪ ನಮ್ಮ ಮನೆಯ ಮೇಲೆ ನೀರಿನ ಟಾಕಿ ಕಟ್ಟಿಸಿದರು. ನಳ ಬರುತ್ತಿದ್ದುದು ವಾರಕ್ಕೊಮ್ಮೆ, ಕೆಲವೊಮ್ಮೆ ಅದೂ ಇಲ್ಲ. ನಾಲ್ಕು ಕಂಬದ ಮೇಲೆ ಎತ್ತರದ ಕಟ್ಟೆ, ಅದರ ಮೇಲೆ ಎರಡು ದೊಡ್ಡ ಕಪ್ಪು ಟಾಕಿ. ಅಕ್ಕೋರ ಮನೆ ನಮ್ಮ ಉತ್ತರಕ್ಕಿತ್ತು. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿದಾಗ ನಮ್ಮ ಟಾಕಿಗಳ ನೆರಳು ಎಲ್ಲಿ ಬೀಳುತ್ತದೆಂದು ನಮ್ಮಲ್ಲಿ ಯಾರೂ ಯೋಚಿಸಲಿಲ್ಲ. ಅಥವಾ ನಾನು ಯೋಚಿಸಿ ಸುಮ್ಮನಿದ್ದೆನೋ...

ಒಂದು ಮಧ್ಯಾಹ್ನ ಅಕ್ಕೋರು ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದರು.

ಅವ್ವನಿಗೆ ಎಲ್ಲ ತಿಳಿಯಿತು. ತಾಟು ಹಾಕಿದಳು. ಅಪ್ಪ ಮಾತ್ರ ಬಿಡದೆ ಸಮಜಾಯಿಷಿ ಕೊಟ್ಟರು. ನೀರಿಲ್ಲದೆ ಬದುಕುವುದು ಹೇಗೆ, ಗೌಂಡಿ ಕೆಲಸ ಮುಗಿಸಿ ಹೋಗಿದ್ದಾನೆ, ಪೈಪೆಲ್ಲ ಜೋಡಿಸಿ ಆಗಿದೆ. ಅಕ್ಕೋರು ನೀರು ಬೇಡವೆನ್ನಲಿಲ್ಲ. ಟಾಕಿಗಳನ್ನು ಹತ್ತಡಿ ಪಶ್ಚಿಮಕ್ಕೆ, ಮೆಟ್ಟಿಲ ಕೋಣೆಯ ಮೇಲೆ ಸರಿಸಿದರೆ ಇಬ್ಬರಿಗೂ ಆಗುತ್ತದೆ ಎಂದರು. ಅಪ್ಪ ನೋಡೋಣ ಎಂದರು. ಆ ನೋಡೋಣದ ಅರ್ಥ ಎಲ್ಲರಿಗೂ ಗೊತ್ತಿತ್ತು.

ಆಗ ನಾನು ಬಾಯಿ ಹಾಕಿದೆ. ಅಷ್ಟೊತ್ತಿಗೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. "ಗ್ಯಾಸ್ ಮ್ಯಾಲೆ ಇಡ್ರೆಲಾ ಅಕ್ಕೋರ. ಇಪ್ಪತ್ತು ನಿಮಿಷದ ಕೆಲಸ ಅದು."

ಅಕ್ಕೋರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಅವನ ಬೋರ್ಡ್ ಇಳಸಿದಾಗ ಭಾಳ ನಕ್ಕಿದ್ದೆಲ್ಲ ತಂಗಿ, ನೀನು," ಎಂದರು. ಅಷ್ಟೇ. ಮತ್ತೆ ಉಣ್ಣತೊಡಗಿದರು.

ಆ ದಿನದ ಡೈರಿಯ ಪುಟ ಖಾಲಿ ಇದೆ. ಅದಕ್ಕೇ ಈ ಮಾತಿನ ಬಗ್ಗೆ ನನಗೆ ಅನುಮಾನವಿಲ್ಲ. ನನ್ನ ಪರವಾಗಿರುವುದನ್ನೆಲ್ಲ ನಾನು ಬರೆದಿಡುತ್ತಿದ್ದೆ.

ಮೂರನೆಯ ದಿನ ಅವರು ಡಬ್ಬಿ ತರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರು ಹಮಾಲರ ಕೈಯಲ್ಲಿ ಪೆಟ್ಟಿಗೆಯನ್ನೇ ಹೊರಿಸಿಕೊಂಡು ಬಂದು, ಯಾರನ್ನೂ ಕೇಳದೆ ನಮ್ಮ ಮೆಟ್ಟಿಲು ಹತ್ತಿಸಿದರು. ಅಪ್ಪ ಕೈಯಲ್ಲಿದ್ದ ಪೇಪರು ಹಿಡಿದುಕೊಂಡೇ ಎದ್ದು ನಿಂತರು.

"ನನ್ನ ಬಿಸಲು ನಿಮ್ಮ ಮಾಳಗಿ ಮ್ಯಾಲೆ ಬಂದದ," ಎಂದರು ಅಕ್ಕೋರು. "ಅದರ ಹಿಂದ ನಾನೂ ಬಂದೇನಿ."

ಅಂದಿನಿಂದ ಮಳೆಗಾಲ ಬಿಟ್ಟು ದಿನವೂ ಅವರು ನಮ್ಮ ಇಪ್ಪತ್ತೆರಡು ಮೆಟ್ಟಿಲು ಹತ್ತಿದರು. ಅಪ್ಪ ಮೊದಮೊದಲು ಮುಖ ಗಂಟು ಹಾಕಿಕೊಂಡರು, ಆಮೇಲೆ ಅವರೇ ಪೆಟ್ಟಿಗೆ ತಿರುಗಿಸತೊಡಗಿದರು. ಒಂದು ಡಬ್ಬಿಯಲ್ಲಿ ನಮ್ಮ ಮನೆಯ ಬೇಳೆಯೂ ಬೇಯುತ್ತಿತ್ತು. ಗದಗಿನ ಕಡೆಗೆ ಗುಡ್ಡದ ಮೇಲೆ ಗಾಳಿಯಂತ್ರಗಳು ಎದ್ದಾಗ ಅಕ್ಕೋರು ಬಸ್ಸು ಹತ್ತಿ ನೋಡಿ ಬಂದು, ಯಂತ್ರ ಛಲೋ ಅದ, ಆದರೆ ಅದರ ಕೆಳಗಿನ ಹಳ್ಳಿಗೇ ಕರೆಂಟಿಲ್ಲ ಎಂದು ಅಪ್ಪನ ಜೊತೆ ಒಂದು ವಾರ ವಾದ ಮಾಡಿದರು. ಎಲ್ಲವೂ ಸರಿಹೋಯಿತೆಂದು ನಮಗೆ ಅನಿಸಿತ್ತು. ಟಾಕಿ ಮಾತ್ರ ಇದ್ದಲ್ಲೇ ಇತ್ತು.

ಒಂದು ಮಳೆಗಾಲ ಕಳೆದ ಮೇಲೆ ಅವರು ಬರಲಿಲ್ಲ. ಮೊಣಕಾಲು ಹಿಡಿದಿದ್ದವು. ಅವ್ವ ಕರೆಯಲು ಹೋದಾಗ, ಈ ಸಲ ಗ್ಯಾಸಿನ ಮೇಲೇ ಆಗಲಿ ಎಂದರಂತೆ. ನಾನೇ ದಿನಾ ಹೋಗಿ ಡಬ್ಬಿ ತಂದು ಪೆಟ್ಟಿಗೆಯಲ್ಲಿ ಇಡಬೇಕು ಎಂದುಕೊಂಡೆ. ಕಾಲೇಜಿಗೆ ಹೊರಡುವ ಹೊತ್ತೂ ಅದೇ ಆಗಿತ್ತು... ಇಲ್ಲ, ಹತ್ತು ನಿಮಿಷ ಬೇಗ ಎದ್ದಿದ್ದರೆ ಸಾಕಿತ್ತು. ಆ ಚಳಿಗಾಲ ಮುಗಿಯುವುದರೊಳಗೆ ಅಕ್ಕೋರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರು ಉಂಡದ್ದು ಅವರು ನಂಬಿದ ಊಟವಲ್ಲ.

ಪ್ಯಾನೆಲ್ ಕೂಡಿಸಲು ಬಂದವನು ಹೋದ ತಿಂಗಳು ಮಾಳಿಗೆಯನ್ನೆಲ್ಲ ಅಳೆದು, ಟಾಕಿಯ ನೆರಳು ಬೀಳುತ್ತದೆ, ಅದನ್ನು ಮೆಟ್ಟಿಲ ಕೋಣೆಯ ಮೇಲೆ ಸರಿಸಬೇಕು ಎಂದ. ಎಷ್ಟು ದಿನದ ಕೆಲಸ ಎಂದು ಕೇಳಿದೆ.

"ದಿನ ಯಾಕ ಬೇಕ್ರಿ. ಮುಂಜಾನೆ ಚಾಲೂ ಮಾಡಿದ್ರ ಊಟದೊಳಗ ಮುಗೀತೈತಿ."

ಮುಗಿಯಿತು. ಟಾಕಿ ಸರಿದ ಜಾಗದಿಂದ ಬಿಸಿಲು ಹರಿದು ಹೋಗಿ ಅಕ್ಕೋರ ಮಾಳಿಗೆಯ ಆ ಮೂಲೆಗೆ ಬಿತ್ತು. ಈಗ ಅಲ್ಲಿರುವವರು ಬೇರೆಯವರು. ಆ ಮೂಲೆಯಲ್ಲಿ ಒಂದು ಮುರಿದ ಕುರ್ಚಿ ಇತ್ತು.

ಪೆಟ್ಟಿಗೆ ತೆಗೆದರೆ ಇನ್ನೊಂದು ಪ್ಯಾನೆಲ್ ಹಿಡಿಯುತ್ತದೆ ಎಂದ ಅವನು. ಪೆಟ್ಟಿಗೆ ಅಲ್ಲೇ ಇರಲಿ ಎಂದೆ. ನಿಮಗೇ ಲುಕ್ಸಾನ್ ಎಂದು ಮತ್ತೆರಡು ಸಲ ಹೇಳಿದ. ಆಗಲಿ, ಅದು ಅಲ್ಲಿಂದ ಏಳುವುದಿಲ್ಲ ಎಂದೆ.

ಮರುದಿನ ಗಾಜು ಒರೆಸಿ, ಡಬ್ಬಿಯಲ್ಲಿ ಬೇಳೆ ಇಟ್ಟೆ. ಅರ್ಧ ತಾಸಿಗೊಮ್ಮೆ ತಿರುಗಿಸಿದೆ. ಕನ್ನಡಿಯ ರಸವೆಲ್ಲ ಹೋಗಿತ್ತು. ಒಂದು ಗಂಟೆಗೆ ಮುಚ್ಚಳ ತೆಗೆದರೆ ಬೇಳೆ ಬೆಂದಿರಲಿಲ್ಲ. ಡಬ್ಬಿ ಹಿಡಿದು ಮೆಟ್ಟಿಲಿಳಿದು ಗೇಟಿನವರೆಗೆ ಹೋದೆ. ಆ ಡಬ್ಬಿ ಒಯ್ದು ಕೂರಬೇಕಾದ ಮನೆ ನಮ್ಮದೇ ಎಂದು ಅಲ್ಲಿ ನಿಂತಾಗ ತಿಳಿಯಿತು. ಒಳಗೆ ಬಂದು, ಗ್ಯಾಸ್ ಹಚ್ಚದೆ, ಇದ್ದ ಹಾಗೇ ಅದನ್ನು ಉಂಡೆ.