ತೂತಿಲ್ಲದ ರಟ್ಟು

ಬಾನೆಟ್ ಎತ್ತಿದ ಕೂಡಲೇ ಇಲಿ ಸತ್ತ ವಾಸನೆ ಮೂಗಿಗೆ ಬಡಿದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಏರ್ ಫಿಲ್ಟರಿನ ಡಬ್ಬಿಯೊಳಗೆ ಮೂರು ಇಲಿಗಳು ಒಣಗಿ ಹಪ್ಪಳವಾಗಿದ್ದವು. ನಾಲ್ಕನೆಯದು ಇನ್ನೂ ಒಣಗಿರಲಿಲ್ಲ. ಸೀಟಿನ ಸ್ಪಂಜು, ಖರ್ಜೂರದ ಬೀಜ, ಆಡಿನ ಕೂದಲು ಎಲ್ಲ ಸೇರಿಸಿ ಇಂಜಿನ್ನಿನ ಮೇಲೆ ಸೊಗಸಾಗಿ ಸಂಸಾರ ಹೂಡಿದ್ದವು. ತೊಂಬತ್ತರ ದಶಕದ ನಡುವೆ, ದುಬೈಯ ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ ನಾನು ಮೆಕ್ಯಾನಿಕ್ ಆಗಿದ್ದಾಗಿನ ಮಾತಿದು. ಬೇಸಿಗೆ ಬೇರೆ. ಬೆಳಗಿನ ಒಂಬತ್ತಕ್ಕೇ ನಟ್ಟು ಬಿಚ್ಚುವ ಪಾನಾ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು.

ಗಾಡಿ ಎಪ್ಪತ್ತರ ದಶಕದ ಅಮೆರಿಕದ್ದು. ಎರಡೇ ಬಾಗಿಲು, ಎಂಟು ಸಿಲಿಂಡರು, ಗಾಡಿಯ ಅರ್ಧ ಉದ್ದಕ್ಕೆ ಬಾನೆಟ್ಟೇ. ಮಸಲ್ ಕಾರ್ ಎಂದು ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನನಗೆ ಮಾತ್ರ ಅದನ್ನು ಕಂಡರೆ ಆಗುತ್ತಿರಲಿಲ್ಲ, ಅದರಲ್ಲಿ ಇಲಿ ಸೇರುವುದಕ್ಕೂ ಮೊದಲಿನಿಂದ. ಎರಡು ವರ್ಷದ ಹಿಂದೆ ಈ ಗಾಡಿಯ ದೆಸೆಯಿಂದಲೇ ನಮ್ಮ ಗ್ಯಾರೇಜಿನ ಒಬ್ಬ ಕೆಲಸ ಕಳೆದುಕೊಂಡು ಊರಿಗೆ ಹೋಗಿದ್ದ.

ಅವನು ಪೇಶಾವರದ ಕಡೆಯವನು. ಎಲ್ಲರೂ ಪಠಾಣ್ ಎಂದೇ ಕರೆಯುತ್ತಿದ್ದೆವು. ಆಗ ಈ ಗಾಡಿ ಕ್ಲಚ್ ಪ್ಲೇಟ್ ಬದಲಿಸಲು ಬಂದಿತ್ತು. ಗೇರ್‌ಬಾಕ್ಸ್ ಇಳಿಸಿದವನೂ ಹೊಸ ಪ್ಲೇಟು ಹಾಕಿ ಮತ್ತೆ ಕೂರಿಸಿದವನೂ ಪಠಾಣನೇ. ನಾಲ್ಕನೆಯ ದಿನ ಮಾಲೀಕ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಅಲ್ ಐನ್‌ಗೆ ಹೊರಟಿದ್ದಾಗ ದಾರಿಯಲ್ಲಿ ಕ್ಲಚ್ಚು ಸುಟ್ಟು ಹೊಗೆ ತುಂಬಿಕೊಂಡಿತು. ಗಾಡಿ ಇನ್ನೊಂದು ಗಾಡಿಯ ಬೆನ್ನೇರಿ ಗ್ಯಾರೇಜಿಗೆ ಬಂತು. ಕೆಳಗಿನ ತಗಡು ಸರಿಸಿ ನೋಡಿದರೆ ಹೊಸ ಪ್ಲೇಟಿನ ತುಂಬ ಗೇರ್‌ಬಾಕ್ಸಿನ ಆಯಿಲ್. ಮಾಲೀಕ ಅರಬಿಯಲ್ಲಿ ಕೂಗಾಡಿದ, ನಮ್ಮ ಮ್ಯಾನೇಜರು ನಮ್ಮ ಮೇಲೆ ಕೂಗಾಡಿದರು. ಗೇರ್‌ಬಾಕ್ಸ್ ಬಿಚ್ಚಿ ಒಳಗೆ ಕೈಯಾಡಿಸಿದವನು ಯಾರು ಎಂಬುದೇ ಅವರ ಪ್ರಶ್ನೆ.

"ಖುದಾ ಕಸಮ್, ಮೈನೆ ನಹೀ ಖೋಲಾ" ಎಂದ ಪಠಾಣ್. ಇಳಿಸಿದ್ದು, ಏರಿಸಿದ್ದು ನಿಜ, ಬಿಚ್ಚಿಲ್ಲ ಎಂದು ಆಣೆ ಮಾಡಿದ.

ಮ್ಯಾನೇಜರು ನನ್ನ ಕಡೆ ತಿರುಗಿದರು. ಪಠಾಣನ ಪಕ್ಕದಲ್ಲೇ ನಾನು ಕೆಲಸ ಮಾಡುತ್ತಿದ್ದೆ. ಗೇರ್‌ಬಾಕ್ಸ್ ಕೆಳಗಿದ್ದ ದಿನ ನಾನು ಸಾಮಾನು ತರಲು ದೇರಾದ ಅಂಗಡಿಗಳಿಗೆ ಹೋಗಿದ್ದೆ, ಏನನ್ನೂ ನೋಡಿರಲಿಲ್ಲ. ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಮ್ಯಾನೇಜರ ಬೆನ್ನ ಹಿಂದೆ ಮಾವ ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು. ನಾನು "ಪಠಾಣ್ ಹೀ ಹೋಗಾ ಸಾಬ್", ಅವನೇ ಇರಬೇಕು, ಎಂದುಬಿಟ್ಟೆ. ಹತ್ತು ದಿನದಲ್ಲಿ ಅವನ ವೀಸಾ ಕ್ಯಾನ್ಸಲ್ ಆಯಿತು.

ಮಾವ ಎಂದರೆ ನನ್ನ ಅಕ್ಕನ ಗಂಡ. ಗೋಕಾಕಿನಲ್ಲಿ ಟ್ರ್ಯಾಕ್ಟರುಗಳಿಗೆ ಗ್ರೀಸು ಬಳಿದುಕೊಂಡಿದ್ದ ನನಗೆ ವೀಸಾ ತೆಗೆಸಿ ಕರೆತಂದವರು. ಗ್ಯಾರೇಜಿನಲ್ಲಿ ಅವರ ಕೈಗೆ ದೊಡ್ಡ ಹೆಸರಿತ್ತು. ಎರಡು ಭಾಗಗಳ ನಡುವೆ ಆಯಿಲ್ ಸೋರದಂತೆ ಇಡುವ ಗ್ಯಾಸ್ಕೆಟ್ ಅಂಗಡಿಯಲ್ಲಿ ಸಿಗದಿದ್ದರೆ ಅವರು ಕೂತಲ್ಲೇ ಮಾಡುತ್ತಿದ್ದರು. ಹಾಳೆಯನ್ನು ಕಬ್ಬಿಣದ ಅಂಚಿಗೆ ಒತ್ತಿ ಹಿಡಿದು ಸುತ್ತಿಗೆಯಿಂದ ಟೊಕ್ ಟೊಕ್ ಎಂದು ತಟ್ಟುತ್ತ ಹೋದರೆ, ಅಳತೆಗೆ ಸರಿಯಾಗಿ ಕತ್ತರಿಸಿಕೊಂಡು ಬರುತ್ತಿತ್ತು. ನಾನು ಆ ವಿದ್ಯೆಯನ್ನು ಅವರಿಂದಲೇ ಕಲಿತೆ.

ಗಾಡಿಯ ಮಾಲೀಕ ಸಿಟ್ಟಿನಲ್ಲಿ ಅದನ್ನು ರಿಪೇರಿಗೂ ಬಿಡದೆ ಒಯ್ದು ತನ್ನ ತೋಟದಲ್ಲಿ ಆಡುಗಳ ನಡುವೆ ನಿಲ್ಲಿಸಿದ್ದ. ಎರಡು ವರ್ಷಕ್ಕೆ ಸಿಟ್ಟು ಇಳಿಯಿತು, ಇಂಜಿನ್ ಜಾಮ್ ಆಯಿತು. "ಆ ಪಠಾಣ್ ಈಗ ಇಲ್ಲ, ಧೈರ್ಯವಾಗಿ ಕೊಡಿ" ಎಂದು ಹೇಳಿಯೇ ಮ್ಯಾನೇಜರು ಗಾಡಿಯನ್ನು ವಾಪಸು ತರಿಸಿದ್ದರು. ಅತ್ತ ಪಠಾಣ್ ಮತ್ತೆ ಬರಲು ಒದ್ದಾಡುತ್ತಿದ್ದ. ಅಬುಧಾಬಿಯಲ್ಲಿ ಟ್ಯಾಕ್ಸಿ ಓಡಿಸುವ ಅವನ ತಮ್ಮ ತಿಂಗಳಿಗೊಮ್ಮೆ ಬಂದು ಮ್ಯಾನೇಜರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ. "ಗೇರ್‌ಬಾಕ್ಸ್ ಕೆಡಿಸಿದವನಿಗೆ ಇಲ್ಲಿ ಕೆಲಸ ಮಾಫಿ, ಇಲ್ಲವೇ ಇಲ್ಲ" ಎನ್ನಿಸಿಕೊಂಡು ಹೋಗುತ್ತಿದ್ದ. ಹೋಗುವಾಗ ನನಗೆ ಸಲಾಮ್ ಹೇಳುವುದನ್ನು ಮರೆಯುತ್ತಿರಲಿಲ್ಲ. ಆ ಸಲಾಮಿಗೆ ನನ್ನ ಮೈಯೆಲ್ಲ ಹಿಡಿಯಾಗುತ್ತಿತ್ತು.

ಗಾಡಿಯ ಇಂಜಿನ್ ಎತ್ತುವ ಕೆಲಸ ನನಗೂ ಮಾವನಿಗೂ ಬಂತು.

"ಇಂಜಿನ್ ಅಷ್ಟ ಎತ್ತೂಣು, ಗೇರ್‌ಬಾಕ್ಸ್ ಅಲ್ಲೇ ಇರ್ಲಿ" ಎಂದರು ಮಾವ.

"ಯಾಕ್ರಿ ಮಾವ, ಎರಡೂ ಕೂಡೇ ತಗದ್ರ ಸಲೀಸಲ್ಲ?"

"ಹೇಳಿದಷ್ಟ ಮಾಡಲೇ."

ಮಾಡಿದೆ. ಅಂದರೆ, ಮಾಡಲು ನೋಡಿದೆ. ಮೊದಲು ರೇಡಿಯೇಟರಿನ ನೀರು ಬಿಟ್ಟೆ. ಅದು ನೀರಲ್ಲ, ಎಮ್ಮೆ ಮಲಗೆದ್ದ ಹೊಂಡದ ರಾಡಿ. ಇಂಜಿನ್ ಆಯಿಲ್ ಡಾಂಬರಿನ ಹಾಗೆ ಬೀಳುವುದಕ್ಕೂ ಬೇಜಾರು ಮಾಡಿಕೊಂಡು ಬಿತ್ತು. ಸೈಲೆನ್ಸರ್ ಪೈಪಿನ ನಟ್ಟುಗಳು ತುಕ್ಕು ತಿಂದು ಗುಂಡಗಾಗಿದ್ದವು. ಹಿಂದಿನವರು ಕೆಲಸ ಮಾಡಿದ ಗಾಡಿಯನ್ನು ಬಿಚ್ಚುವಾಗ ಉಗಿಯುವುದು ನನ್ನ ಕೆಟ್ಟ ಚಾಳಿ. ಒಂದು ಕಡೆ ಬೋಲ್ಟಿನ ಬದಲು ತಂತಿ ಸುತ್ತಿದ್ದನ್ನು ನೋಡಿ "ಯಾ ಭಾಡ್ಯಾ ಮಾಡ್ಯಾನಿದನ್ನ" ಎಂದು ಗೊಣಗಿದೆ. ಯಾವಾಗಲೂ ನನ್ನ ಜೊತೆ ಸೇರಿ ಬಯ್ಯುವ ಮಾವ ಅವತ್ತು ಬೆನ್ನು ತಿರುಗಿಸಿ ಚೈನ್ ಕಪ್ಪಿ ಸರಿಮಾಡತೊಡಗಿದರು.

ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೋಲ್ಟುಗಳಲ್ಲಿ ಎರಡು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಗಾಡಿಯೊಳಗೆ ಇಟ್ಟುಕೊಂಡು ಅವನ್ನು ಬಿಡಿಸಲು ಜಾಗವಿರಲಿಲ್ಲ. ಎರಡನ್ನೂ ಒಟ್ಟಿಗೇ ಎತ್ತದೆ ಬೇರೆ ದಾರಿ ಉಳಿಯಲಿಲ್ಲ. ನಾನು ಗಾಡಿಯ ಅಡಿಗೆ ನುಗ್ಗಿ ಹಿಂದಿನ ಗಾಲಿಗಳಿಗೆ ಹೋಗುವ ಉದ್ದನೆಯ ಶಾಫ್ಟನ್ನು ಎಳೆದೆ. ಗೇರ್‌ಬಾಕ್ಸಿನ ಹಳಸಲು ಆಯಿಲ್ ದಬದಬನೆ ಕೊರಳೊಳಗೆ ಇಳಿದು ಬನಿಯನ್ನಿನವರೆಗೆ ಹೋಯಿತು. ಕೊಳೆತ ಮೊಟ್ಟೆಗೆ ಗಂಧಕ ಕಲಸಿದಂಥ ವಾಸನೆ. ಹೊರಗೆ ಬಂದು ವಾಂತಿ ಮಾಡಿಕೊಂಡೆ, ಬಾಯಿ ತೊಳೆದು ಮತ್ತೆ ನುಗ್ಗಿದೆ.

ಚೈನ್ ಕಪ್ಪಿಯಲ್ಲಿ ಎಳೆದೆವು. ಇಂಜಿನ್ ಮೂತಿ ಮೇಲೆ ಮಾಡಿ, ಗೇರ್‌ಬಾಕ್ಸಿನ ಬಾಲ ಕೆಳಗೆ ಮಾಡಿ, ಓರೆಯಾಗಿ, ಇಷ್ಟಿಷ್ಟೇ ಮೇಲೆದ್ದು ಬಂತು. ಹಳೆಯ ಟೈರುಗಳ ಮೇಲೆ ಇಳಿಸಿದೆವು. ಈಗ ಪೂರಾ ಉದ್ದದ ಪಾನಾ ಹಾಕಲು ಜಾಗ ಸಿಕ್ಕಿ ಆ ಎರಡು ಬೋಲ್ಟುಗಳೂ ಬಿಟ್ಟವು. ಎರಡನ್ನೂ ಬೇರೆ ಮಾಡಿದೆ. ಕ್ಲಚ್ ಪ್ಲೇಟು ತುಪ್ಪದಲ್ಲಿ ಅದ್ದಿಟ್ಟ ಹೋಳಿಗೆಯ ಹಾಗಿತ್ತು. ಗೇರ್‌ಬಾಕ್ಸಿನ ಮುಂದಿನ ಮುಚ್ಚಳ ಬಿಚ್ಚಿದೆ.

ಆ ಮುಚ್ಚಳದ ಕೆಳಗೆ ತೆಳ್ಳನೆಯ ಗ್ಯಾಸ್ಕೆಟ್ ಇರಬೇಕು. ಅದರ ಅಡಿಭಾಗದಲ್ಲಿ ಕಡಲೆಕಾಳಿನಷ್ಟು ತೂತು ಇರಬೇಕು. ಮುಂದೆ ಬಂದ ಆಯಿಲ್ ಆ ತೂತಿನಿಂದಲೇ ವಾಪಸು ಒಳಗೆ ಹೋಗುವುದು. ಇಲ್ಲಿದ್ದದ್ದು ದಪ್ಪನೆಯ ರಟ್ಟು, ಅದರಲ್ಲಿ ತೂತೇ ಇರಲಿಲ್ಲ. ಹಿಂದೆ ಹೋಗಲು ದಾರಿ ಕಾಣದ ಆಯಿಲ್ ಕ್ಲಚ್ಚಿನ ಮೇಲೆ ಸುರಿದಿತ್ತು. ಅಂಚನ್ನು ಮಾತ್ರ ಎಷ್ಟು ಚೆಂದವಾಗಿ ತಟ್ಟಿ ಕತ್ತರಿಸಲಾಗಿತ್ತೆಂದರೆ, ಅಂಥ ಅಂಚು ತೆಗೆಯುವ ಕೈ ಆ ಗ್ಯಾರೇಜಿನಲ್ಲಿ ಒಂದೇ ಇತ್ತು. ಚಾಕುವಿನಿಂದ ಎಬ್ಬಿಸಿ, ಡೀಸೆಲ್ಲಿನಲ್ಲಿ ಒರೆಸಿ ತಿರುಗಿಸಿದೆ. ಕೆಂಪು ಕನ್ನಡ ಅಕ್ಷರಗಳು ಕಂಡವು: "ಜವಳಿ ಅಂಗ".

ನಾನೂ ಮಾವನೂ ಇರುತ್ತಿದ್ದ ಖೋಲಿಯಲ್ಲಿ ಗೋಕಾಕಿನ ಜವಳಿ ಅಂಗಡಿಯೊಂದರ ಕ್ಯಾಲೆಂಡರ್ ಇತ್ತು. ಅಂಗಡಿಯ ಹೆಸರಿದ್ದ ರಟ್ಟು, ಅದರ ಕೆಳಗೆ ದಿನಕ್ಕೊಂದು ಹರಿಯುವ ಹಾಳೆಗಳ ಕಟ್ಟು. ಈ ಗಾಡಿ ಕ್ಲಚ್ಚಿಗೆಂದು ಬಂದಿದ್ದಾಗಲೇ ಒಂದು ದಿನ ರಟ್ಟು ಮಾಯವಾಗಿ ಬರೀ ಹಾಳೆಗಳ ಕಟ್ಟು ಮೊಳೆಗೆ ನೇತಾಡುತ್ತಿತ್ತು. ಏನಾಯಿತೆಂದು ಕೇಳಿದ್ದಕ್ಕೆ ಮಾವ "ಜಿರಳಿ ತಿಂದಿರ್ಬೇಕು" ಎಂದಿದ್ದರು. ರಟ್ಟು ತಿಂದು ಹಾಳೆ ಉಳಿಸಿ ಮೊಳೆಗೆ ಸಿಕ್ಕಿಸಿ ಹೋದ ಜಿರಳೆ ಯಾವುದೆಂದು ನಾನು ಕೇಳಲು ಹೋಗಿರಲಿಲ್ಲ. ಆಗಲೇ ನನಗೆ ಅನುಮಾನ ಬಂದಿರಲಿಲ್ಲ ಎಂದರೆ ಅದೂ ಸುಳ್ಳು.

"ಏನ್ ನೋಡ್ಕೋತ ಕುಂತಿ? ಒಗಿ ಅದನ್ನ" ಎಂದರು ಮಾವ.

"ಮಾವ, ಇದು ನಮ್ಮ ಖೋಲ್ಯಾಗಿನ ರಟ್ಟ ಐತಿ."

ಅವರು ಕೈ ಒರೆಸಿಕೊಂಡರು. "ಆವತ್ತ ಪಠಾಣ ಜ್ವರ ಬಂದು ಮಲಗಿದ್ದ. ಮುಚ್ಚಳದ ಒಳಗಿನ ಸೀಲ್ ಸೋರಾಕತ್ತಿತ್ತು, ಬಿಚ್ಚಿ ಬದಲಿ ಮಾಡಿದೆ. ಹೊಸಾ ಗ್ಯಾಸ್ಕೆಟ್ಟಿಗೆ ತೂತ ಹೊಡಿಯೂದು ಮರೀತು. ಬೇಕಂತ ಮಾಡಿದ್ನೇನು?"

"ಆಮ್ಯಾಲರೆ ಹೇಳಬೇಕಿತ್ತಲ್ರಿ."

"ಹೇಳಿದ್ರ ನಾ ಹೋಗ್ತಿದ್ದೆ. ನಿಮ್ಮ ಅಕ್ಕನ್ನ, ಹುಡುಗುರ್ನ ನೀ ಸಾಕ್ತಿದ್ದೇನು?" ಎಂದವರು, ದನಿ ತಗ್ಗಿಸಿ ಹೇಳಿದರು: "ಮತ್ತ, ಪಠಾಣನ ಹೆಸರ ನಾ ಎಲ್ಲೆರೆ ಹೇಳೇನೇನು? ಹೇಳಿದಾವ ನೀ."

ಮಾವನ ಮುಖಕ್ಕೆ ಉಗಿಯಬೇಕು ಎನ್ನಿಸಿತು. ಆದರೆ ಅವರು ಹೇಳಿದ್ದು ನಿಜವಾಗಿತ್ತು. ನನ್ನ ಬಾಯಿಯಲ್ಲಿದ್ದ ಎಂಜಲು ನನಗೇ ಅಸಹ್ಯವಾಯಿತು.

ಅಷ್ಟರಲ್ಲಿ ಮ್ಯಾನೇಜರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬಂದರು. ರಟ್ಟು ನನ್ನ ಕೈಯಲ್ಲೇ ಇತ್ತು. ಆಯಿಲ್ ತುಂಬಿದ ಕ್ಲಚ್ ನೋಡಿ, "ಪಠಾಣ್ ಕಾ ಹೀ ಕಾಮ್ ಥಾ ನಾ?", ಅವನದೇ ಕೆಲಸ ತಾನೇ, ಎಂದು ಕೇಳಿದರು. ಹಿಂದಿನದೇ ಪ್ರಶ್ನೆ. ಆ ಸಲ ಗೊತ್ತಿಲ್ಲದೆ ಹೇಳಿದ್ದೆ. ಈ ಸಲ ಎಲ್ಲ ಗೊತ್ತಿತ್ತು.

"ಹಾಂ ಸಾಬ್" ಎಂದೆ.

"ಖಲಾಸ್. ಅವನ ತಮ್ಮ ಬರಲಿ, ಇನ್ನು ಬರಬೇಡ ಅಂತ ಹೇಳಿಬಿಡ್ತೀನಿ" ಎಂದು ಅವರು ಹೋದರು. ನಾನು ರಟ್ಟನ್ನು ಹಳೆ ಆಯಿಲಿನ ಡ್ರಮ್ಮಿಗೆ ಹಾಕಿದೆ. ಅದು ಮುಳುಗದೆ ಮೇಲೆಯೇ ತೇಲುತ್ತಿತ್ತು. ಒಂದು ಸರಳು ತಂದು ಒತ್ತಿ ಹಿಡಿದೆ.

ಮುಂದಿನ ತಿಂಗಳು ಪಠಾಣನ ತಮ್ಮ ಬಂದ, ಮ್ಯಾನೇಜರು ಹೇಳಿದ್ದನ್ನು ಕೇಳಿಸಿಕೊಂಡ. ಹೋಗುವಾಗ ನನಗೆ ಸಲಾಮ್ ಹೇಳಿದ. ಆಮೇಲೆ ಅವನು ಬರಲಿಲ್ಲ.

ಇಂಜಿನ್ ಇಳಿಸಿದ ದಿನ ಸಂಜೆ ಸೋಪಿನ ಪುಡಿ ಹಾಕಿ ಮೂರು ಸಲ ಮೈ ತೊಳೆದರೂ ಆಯಿಲ್ ವಾಸನೆ ಹೋಗಲಿಲ್ಲ. ಒಂದು ತುತ್ತೂ ಇಳಿಯಲಾರದು ಎಂದುಕೊಂಡೇ ಊಟಕ್ಕೆ ಕೂತೆ. ಮಾವ ಹೆಸರುಕಾಳಿನ ಪಲ್ಯ ಮಾಡಿದ್ದರು, ಊರಿಂದ ಬಂದ ಜೋಳದ ಕಟಕ ರೊಟ್ಟಿ ಇತ್ತು, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇತ್ತು. "ಉಣ್ಣು ತಮ್ಮಾ, ದಣದಿ" ಎಂದು ತಾವೇ ಬಡಿಸಿದರು. ಈಗ ಯೋಚಿಸಿದರೂ ಹೇಸಿಗೆಯಾಗುತ್ತದೆ, ಪಲ್ಯ ಬಹಳ ರುಚಿಯಾಗಿತ್ತು. ನಾನು ಎರಡನೆಯ ಸಲವೂ ಹಾಕಿಸಿಕೊಂಡೆ.